ಒಟಿಪಿ ಯಾರ ನಂಬರಿಗೆ?



ಈ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿ, ಅಲ್ಲಿಂದ ಪೂರ್ವಕ್ಕೆ ಬೆಳೆದ ಬಡಾವಣೆಗಳಲ್ಲಿ ಮನೆಬಾಗಿಲಿನ ರೂಪವೇ ಬದಲಾಗಿದೆ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಲಿನ ಇಕ್ಕಟ್ಟಾದ ಬೀದಿಗಳಲ್ಲಿ ಕೂಡ ಹೊಸ್ತಿಲಲ್ಲಿ ರಂಗೋಲಿ, ಮೇಲೆ ಮಾವಿನ ತೋರಣ, ತೋರಣದ ಪಕ್ಕದಲ್ಲೊಂದು ಬಿಳಿ ಕ್ಯಾಮೆರಾ. ಇಂದಿರಾನಗರದ ಫ್ಲ್ಯಾಟುಗಳಲ್ಲಿ ಬೀಗದ ಕೈಗೊಂಚಲು ಹೋಗಿ ಬೆರಳಚ್ಚಿನ ಬೀಗ ಬಂದಿದೆ. ಕೆ.ಆರ್. ಪುರದ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ನೆಂಟರು ಬಂದರೂ, ತರಕಾರಿಯವರು ಬಂದರೂ ಗೇಟಿನಲ್ಲಿ ನಿಲ್ಲಬೇಕು. ಮನೆಯವರ ಫೋನಿಗೆ ಕೇಳಿಕೆ ಹೋಗಿ, ಅವರು ಒಪ್ಪಿದ ಮೇಲೆ ಒಳಗೆ ಪ್ರವೇಶ.

ಇವೆಲ್ಲ ಕಳ್ಳಕಾಕರ ಭಯಕ್ಕೆ ಬಂದವು. ಆದರೆ ಇವತ್ತು ನಾನು ಮಾತನಾಡಲು ಕುಳಿತಿರುವುದು ಕಳ್ಳರ ಬಗ್ಗೆ ಅಲ್ಲ. ಇದೇ ಮನೆಯಲ್ಲಿ ಇದ್ದು, ಇದೇ ಕ್ಯಾಮೆರಾವನ್ನು ತಾನೇ ಆರಿಸಿ ತಂದು ಹಾಕಿಸಿ, ಆಮೇಲೆ ಸಂಬಂಧ ಮುರಿದು ಬೇರೆ ಹೋದವರ ಬಗ್ಗೆ. ಗಂಡನಿರಬಹುದು, ಮದುವೆಯಾಗದೆ ಜತೆಯಲ್ಲಿ ಬಾಳಿದ ಸಂಗಾತಿ ಇರಬಹುದು. ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಹೋಗಿರುತ್ತಾನೆ. ಅವನ ಫೋನಿನಲ್ಲಿ ಈ ಮನೆಯ ಆಪ್ ಮಾತ್ರ ಹಾಗೆಯೇ ಉಳಿದಿರುತ್ತದೆ. ಹೆಂಗಸರೂ ಹೀಗೆ ಗಂಡಸರ ಮೇಲೆ ಕಣ್ಣಿಡುವುದುಂಟು, ಅದೂ ಅಷ್ಟೇ ತಪ್ಪು. ಆದರೂ ನನ್ನ ಮಾತಿನಲ್ಲಿ ಹೆಚ್ಚಾಗಿ ಹೆಣ್ಣಿನ ಕಡೆಯಿಂದಲೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಈ ಸಾಧನಗಳ ಯಜಮಾನಿಕೆ ಯಾರ ಕೈಯಲ್ಲಿದೆ ಎಂದು ನೋಡಿದರೆ ಕಾರಣ ತಾನೇ ತಿಳಿಯುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಇಂದಿರಾನಗರದ 80 ಅಡಿ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಹಳೆಯ ಕಟ್ಟಡ, ಎರಡನೇ ಮಹಡಿ. ತಾಯಿ, ಸಣ್ಣ ಮಗು. ಮಗುವನ್ನು ನೋಡಿಕೊಳ್ಳುವಾಕೆ ಬರುತ್ತಿದ್ದ ಕಾಲದಲ್ಲಿ ಹಾಲಿನ ಮೂಲೆಯಲ್ಲಿ ಕ್ಯಾಮೆರಾ ಹಾಕಿಸಿದ್ದರು. ಗಂಡ ಬೇರೆ ಮನೆ ಮಾಡಿ ಕೆಲವು ತಿಂಗಳಾಗಿದೆ. ಒಂದು ಬೆಳಿಗ್ಗೆ ಅವನಿಂದ ಮೆಸೇಜು: "ನಿನ್ನೆ ಹನ್ನೊಂದಕ್ಕೆ ಬಂದೆಯಲ್ಲ, ಮಗುವಿಗೆ ಊಟ ಹಾಕಿದವರು ಯಾರು?" ಇನ್ನೊಂದು ದಿನ: "ನಿಮ್ಮಣ್ಣ ಬಂದು ಕೂತಿದ್ದಾನಾ?" ಆಕೆಗೆ ಎದೆ ಧಸಕ್ಕೆನ್ನುತ್ತದೆ. ಇವನಿಗೆ ಹೇಳುತ್ತಿರುವವರು ಯಾರು? ಮೊದಲು ಎದುರು ಮನೆಯವರ ಮೇಲೆ ಅನುಮಾನ. ಆಮೇಲೆ ವಾಚ್‌ಮನ್ ಮೇಲೆ. ಕೊನೆಗೆ ಐದು ವರ್ಷದಿಂದ ಮನೆಗೆ ಬರುತ್ತಿರುವ ಕೆಲಸದಾಕೆಯ ಮೇಲೆ. ಯಾರ ಜತೆಗೂ ಮನಸ್ಸು ಬಿಚ್ಚಿ ಮಾತನಾಡಲಾಗದ ಸ್ಥಿತಿ. ಅಮ್ಮನಿಗೆ ಫೋನು ಮಾಡಬೇಕಾದರೂ ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟುತ್ತಾಳೆ. ಕಣ್ಗಾವಲಿನಿಂದ ಆಗುವ ಮೊದಲ ನಷ್ಟ ಇದು: ಕಷ್ಟಕಾಲದಲ್ಲಿ ಕೈ ಹಿಡಿಯಬೇಕಾದ ಅಕ್ಕಪಕ್ಕದವರನ್ನೇ ಆಕೆ ದೂರ ಮಾಡಿಕೊಳ್ಳುತ್ತಾಳೆ. ಹೇಳುತ್ತಿದ್ದವರು ಯಾರೂ ಅಲ್ಲ, ಮೂಲೆಯಲ್ಲಿದ್ದ ಆ ಕ್ಯಾಮೆರಾ.

ಈಗ ಆ ಕ್ಯಾಮೆರಾ ಹಾಕಿದ ದಿನಕ್ಕೆ ಹಿಂದಿರುಗಿ ನೋಡೋಣ. ಶಿವಾಜಿನಗರದ ಒಂದು ಅಂಗಡಿಯಿಂದ ಹುಡುಗ ಬಂದಿದ್ದಾನೆ. ಏಣಿ ಹಾಕಿ, ಡ್ರಿಲ್ಲಿನಲ್ಲಿ ಗೋಡೆ ಕೊರೆದು, ವೈರು ಎಳೆದು, ಕ್ಯಾಮೆರಾ ಕೂರಿಸಿ ಕೆಳಗಿಳಿಯುತ್ತಾನೆ. ಫೋನು ತೆಗೆದು ಡಬ್ಬಿಯ ಮೇಲಿನ ಕ್ಯೂಆರ್ ಚೀಟಿಗೆ ಹಿಡಿಯುತ್ತಾನೆ. ಹೆಂಡತಿ ಅಡುಗೆಮನೆಯಲ್ಲಿ ಅವನಿಗೆ ಕಾಫಿ ಮಾಡುತ್ತಿದ್ದಾಳೆ.

"ಸರ್, ನಂಬರ್ ಹೇಳಿ."

ಗಂಡ ಹೇಳುತ್ತಾನೆ.

"ಒಟಿಪಿ ಬಂತಾ ಸರ್?"

"ಬಂತು."

"ಮೇಡಂ ಫೋನಿಗೂ ಬರಬೇಕಾ? ನೀವು ಆಮೇಲೆ ಶೇರ್ ಮಾಡಿ ಸರ್, ಅವರಿಗೂ ಕಾಣ್ಸುತ್ತೆ."

ಮುಗಿಯಿತು. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷದಲ್ಲಿ ಗಂಡ ಮಾಲೀಕನಾದ, ಹೆಂಡತಿ ಅತಿಥಿಯಾದಳು. ಆಪ್‌ನಲ್ಲಿ ಇವೆರಡೂ ಬೇರೆ ಬೇರೆ ದರ್ಜೆಗಳು. ಮಾಲೀಕ ಯಾರನ್ನು ಬೇಕಾದರೂ ಸೇರಿಸಬಹುದು, ತೆಗೆಯಬಹುದು, ಹಳೆಯ ರೆಕಾರ್ಡಿಂಗ್ ಅಳಿಸಬಹುದು, ಮೈಕ್ ಹಾಕಬಹುದು. ಅತಿಥಿ ನೋಡಬಹುದು, ಅಷ್ಟೇ. ಅನೇಕ ಕ್ಯಾಮೆರಾಗಳಂತೂ ಒಂದು ಸಲಕ್ಕೆ ಒಂದೇ ಖಾತೆಗೆ ಕಟ್ಟಿಕೊಂಡಿರುತ್ತವೆ. ಆ ಖಾತೆಯವನು ಬಿಡಿಸದೆ ಇನ್ನೊಬ್ಬರು ಅದನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಲು ಆಗುವುದಿಲ್ಲ. ಕ್ಯಾಮೆರಾ ಒಂದೇ ಅಲ್ಲ. ಬಾಗಿಲ ಬೀಗ, ಇಂಟರ್‌ನೆಟ್ ಸಂಪರ್ಕ, ಗೇಟಿನ ಆಪ್, ಮಾತನಾಡುವ ಸ್ಪೀಕರ್, ಟಿವಿ, ಕಾರಿನ ಫಾಸ್ಟ್ಯಾಗ್ ಎಲ್ಲವೂ ಹೀಗೇ, "ಸರ್, ನಂಬರ್ ಹೇಳಿ" ಎಂಬ ಮಾತಿನಿಂದಲೇ ಶುರುವಾಗಿರುತ್ತವೆ.

ಪಾಸ್‌ವರ್ಡ್ ಬದಲಾಯಿಸಿ ಎಂದು ಎಲ್ಲರೂ ಹೇಳುತ್ತಾರೆ. ಪಾಸ್‌ವರ್ಡ್ ಎರಡನೆಯ ಮಾತು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಒಟಿಪಿ ಯಾರ ನಂಬರಿಗೆ ಹೋಗುತ್ತಿದೆ? ನೀವು ಎಷ್ಟೇ ಗಟ್ಟಿಯಾದ ಪಾಸ್‌ವರ್ಡ್ ಹಾಕಿದರೂ, "ಮರೆತಿದ್ದೇನೆ" ಎಂದು ಒತ್ತಿ ಒಟಿಪಿ ತರಿಸಿಕೊಳ್ಳುವ ನಂಬರು ಅವನದಾಗಿದ್ದರೆ ಅದು ಅವನದೇ ಬೀಗ. ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ. ನಿಮ್ಮ ಕೈಯಲ್ಲಿರುವ ಫೋನಿನ ಸಿಮ್ ಯಾರ ಹೆಸರಿನಲ್ಲಿದೆ? ಮದುವೆಯಾದ ಹೊಸತರಲ್ಲಿ ಗಂಡ ತನ್ನ ಆಧಾರ್ ಕೊಟ್ಟು ತೆಗೆಸಿಕೊಟ್ಟ ಸಿಮ್ಮನ್ನೇ ವರ್ಷಗಟ್ಟಲೆ ಬಳಸುವ ಹೆಂಗಸರು ನಮ್ಮಲ್ಲಿ ಬಹಳ. ಕಂಪನಿಯ ಲೆಕ್ಕದಲ್ಲಿ ಆ ನಂಬರಿನ ಗ್ರಾಹಕ ಅವನು. ಅಂಗಡಿಗೆ ಹೋಗಿ "ಸಿಮ್ ಕಳೆದಿದೆ" ಎಂದು ಹೇಳಿ ಅದೇ ನಂಬರಿನ ಹೊಸ ಸಿಮ್ ಪಡೆಯಬಲ್ಲವನು ಅವನೇ. ಆ ಹೊಸ ಸಿಮ್ಮಿಗೆ ಮೆಸೇಜು ಬರತೊಡಗಿದ ಮೇಲೆ ನಿಮ್ಮ ಬ್ಯಾಂಕಿನ ಒಟಿಪಿಯೂ ಅವನಿಗೆ.

ಮನೆಮಂದಿಯ ಮಾತನ್ನು ಕದ್ದು ಕೇಳುವುದು ಹೊಸದೇನಲ್ಲ. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ 1948ರಲ್ಲಿ ಶುರುವಾಯಿತು. ದೇಶದ ಮನೆ ಕಚೇರಿಗಳಿಗೆಲ್ಲ ಅಲ್ಲಿಂದ ಟೆಲಿಫೋನುಗಳು ಹೋದವು. ಆ ಡಯಲ್ ಫೋನುಗಳ ಕಾಲದಲ್ಲೂ ಇನ್ನೊಂದು ಕೋಣೆಯ ಪ್ಯಾರಲಲ್ ರಿಸೀವರ್ ಎತ್ತಿ ಕೇಳುವವರಿದ್ದರು. ಆದರೆ ಎತ್ತಿದರೆ ಕಟಕ್ ಎಂದು ಸದ್ದಾಗುತ್ತಿತ್ತು, ಧ್ವನಿ ಸಣ್ಣದಾಗುತ್ತಿತ್ತು, ಕೇಳುವವನು ಅದೇ ಮನೆಯಲ್ಲಿ ಇರಲೇಬೇಕಿತ್ತು. ಈಗ ಸದ್ದಿಲ್ಲ. ಕೇಳುವವನು ವೈಟ್‌ಫೀಲ್ಡಿನಲ್ಲಿರಬಹುದು, ನ್ಯೂಜೆರ್ಸಿಯಲ್ಲಿರಬಹುದು.

ಇಂಗ್ಲೆಂಡಿನ ನಾರ್ಥಾಂಪ್ಟನ್ ನ್ಯಾಯಾಲಯ 2018ರಲ್ಲಿ ಇಂಥ ಒಬ್ಬ ಗಂಡನನ್ನು ಜೈಲಿಗೆ ಕಳಿಸಿತು. ಮನೆಯ ದೀಪ, ಹೀಟರುಗಳನ್ನು ನಡೆಸಲು ಗೋಡೆಗೆ ಕೂರಿಸಿದ್ದ ಟ್ಯಾಬ್ಲೆಟ್ಟಿನ ಮೈಕ್ ಮೂಲಕ, ಬೇರೆ ಇದ್ದ ಆತ ಹೆಂಡತಿಯ ಮಾತು ಕೇಳಿಸಿಕೊಂಡಿದ್ದ. ಆಕೆ ಮಾತನಾಡುತ್ತಿದ್ದದ್ದು ತನ್ನ ತಾಯಿಯ ಜತೆ. ಶಿಕ್ಷೆ 11 ತಿಂಗಳು. ನಾನು ಈ ಪ್ರಕರಣವನ್ನು ನೆನೆದಾಗಲೆಲ್ಲ ಮನಸ್ಸು ಆ ತಾಯಿಯ ಕಡೆಗೆ ಹೋಗುತ್ತದೆ. ಮಗಳು ತಾಯಿಯ ಮುಂದೆ ಹೇಳಿಕೊಳ್ಳುವ ಮಾತಿಗಿಂತ ಗುಟ್ಟಿನದು ಇನ್ನಾವುದಿದೆ?

"ಹಾಕಿಸಿದವನು ನಾನು, ದುಡ್ಡು ನನ್ನದು, ಮನೆಯೂ ನನ್ನ ಹೆಸರಲ್ಲಿದೆ. ನೋಡಿದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಕೊಟ್ಟವರಲ್ಲಿ ಮೊದಲಿಗರು ನಮ್ಮ ಊರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ಇಳಿವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಬೆಂಗಳೂರಿನಿಂದ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಯಿಂದ ಹೊರಟ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಸರ್ಕಾರದ ಎದುರಿನ ಹಕ್ಕು ಎಂದು ಅನೇಕರು ಅದನ್ನು ಓದಿದರು. ಆದರೆ ಮನೆಯ ಗುಟ್ಟು ಎಂಬ ಹೆಸರಿನಲ್ಲಿ ಹೆಣ್ಣಿನ ಮೇಲಿನ ದಬ್ಬಾಳಿಕೆಯನ್ನು ಮುಚ್ಚಿಡಲಾಗದು ಎಂಬ ಮಾತೂ ಆ ತೀರ್ಪಿನ ಚರ್ಚೆಯಲ್ಲಿದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕ್ಯಾಮೆರಾ ಇರುವ ಪ್ರತಿ ಮನೆಯೂ ಅವರಿಗೆ ಋಣಿ ಎಂದು ನಾನು ತಿಳಿದಿದ್ದೇನೆ.

ನಮ್ಮ ಹೈಕೋರ್ಟಿನಲ್ಲಿಯೇ ಇನ್ನೆರಡು ತೀರ್ಪುಗಳು ಬಂದಿವೆ. ಹೆಂಡತಿಗೆ ಬೇರೆ ಸಂಬಂಧವಿದೆ ಎಂದು ಸಾಬೀತು ಮಾಡಲು ಮೂರನೆಯವರೊಬ್ಬರ ಮೊಬೈಲ್ ಟವರ್ ವಿವರ ತರಿಸಬೇಕೆಂದು ಗಂಡ ಕೇಳಿದ್ದ, ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ ಒಪ್ಪಿತ್ತು. 2022ರಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಮರುವರ್ಷ ಧಾರವಾಡ ಪೀಠದ ಮುಂದೆ ತಿರುಗುಮುರುಗಾದ ಪ್ರಕರಣ: ಜೀವನಾಂಶಕ್ಕಾಗಿ ಬೇರೆ ಇರುವ ಗಂಡನ ವಿಳಾಸವನ್ನು ಆಧಾರ್ ಪ್ರಾಧಿಕಾರದಿಂದ ಕೇಳಿದವಳು ಹೆಂಡತಿ. ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನದ ಹಕ್ಕು ಅಳಿದುಹೋಗುವುದಿಲ್ಲ, ಅವನ ಮಾತನ್ನೂ ಕೇಳಬೇಕು ಎಂದಿತು ನ್ಯಾಯಾಲಯ. ಆ ಹೆಂಡತಿಯ ಕಷ್ಟ ನೆನೆದರೆ ಸಂಕಟವಾಗುತ್ತದೆ. ಆದರೂ ಆ ತತ್ವ ಎರಡೂ ಕಡೆಗೆ ಸಲ್ಲುವಂಥದ್ದು, ನಾಳೆ ಆಕೆಯ ನೆರವಿಗೂ ಬರುವಂಥದ್ದು.

ಒಂದು ತೀರ್ಪು ಮಾತ್ರ ಜನರಲ್ಲಿ ತಪ್ಪು ತಿಳಿವಳಿಕೆ ಮೂಡಿಸಿದೆ. 2025ರ ಜುಲೈ 14ರಂದು ಸುಪ್ರೀಂ ಕೋರ್ಟು, ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ ಹೆಂಡತಿಯ ಫೋನ್ ಮಾತನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ನೋಡಬಹುದು ಎಂದಿತು. ತೀರ್ಪು ಕೊಟ್ಟ ಪೀಠದಲ್ಲಿ ನಮ್ಮ ರಾಜ್ಯದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಅಲ್ಲಿ ಪ್ರಶ್ನೆ ಇದ್ದದ್ದು ಸಾಕ್ಷ್ಯವನ್ನು ನೋಡಬಹುದೇ ಇಲ್ಲವೇ ಎಂಬುದು. ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತಕ್ಕೆ ಬಂದಿದ್ದರೆ ಆ ಮದುವೆಯಲ್ಲಿ ನಂಬಿಕೆ ಆಗಲೇ ಮುರಿದಿದೆ ಎಂಬುದು ಪೀಠದ ಅಭಿಪ್ರಾಯ. ಬೇರೆಯಾದ ಮೇಲೂ ಮನೆಯೊಳಗೆ ಕಣ್ಣು ಕಿವಿ ನೆಟ್ಟಿರಬಹುದು ಎಂದು ಅದಕ್ಕೆ ಅರ್ಥ ಹಚ್ಚುವುದು ಸರಿಯಲ್ಲ.

"ಮಗುವನ್ನು ನೋಡುವ ಆಸೆಗೆ ಆಪ್ ತೆರೆಯುತ್ತೇನೆ" ಎನ್ನುವ ತಂದೆಯರೂ ಇದ್ದಾರೆ. ಆ ಆಸೆಯನ್ನು ನಾನು ಹಗುರ ಮಾಡುವುದಿಲ್ಲ. ಅದಕ್ಕೆ ದಾರಿ ಇದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯದಿಂದ ಭೇಟಿಯ ಸಮಯ, ವಿಡಿಯೋ ಕರೆಯ ಸಮಯ ಗೊತ್ತು ಮಾಡಿಸಿಕೊಳ್ಳಬಹುದು. ಮಗು ಅಪ್ಪನ ಮುಖ ನೋಡಿ ಮಾತನಾಡುತ್ತದೆ, ತಾಯಿಗೂ ಯಾವ ಹೊತ್ತಿಗೆ ಕರೆ ಬರುತ್ತದೆಂದು ಗೊತ್ತಿರುತ್ತದೆ. ಮೂಲೆಯ ಕ್ಯಾಮೆರಾದಲ್ಲಿ ಮಗುವಿಗೆ ಅಪ್ಪ ಕಾಣುವುದಿಲ್ಲ.

ಇನ್ನು ಮಾಡಬೇಕಾದ ಕೆಲಸದ ಮಾತು. ಇಲ್ಲಿ ಕ್ರಮ ಬಹಳ ಮುಖ್ಯ. ಗೊತ್ತಾದ ಕೂಡಲೇ ಸಿಟ್ಟಿನಿಂದ ಕ್ಯಾಮೆರಾದ ವೈರು ಕಿತ್ತು ಹಾಕಬೇಕೆನಿಸುತ್ತದೆ. ಸ್ವಲ್ಪ ತಡೆಯಿರಿ. ನೀವು ಕಿತ್ತ ಮರುಕ್ಷಣ ಅವನ ಫೋನಿನಲ್ಲಿ "ಸಂಪರ್ಕ ತಪ್ಪಿದೆ" ಎಂದು ತೋರುತ್ತದೆ. ಹೊಡೆಯುವ, ಬೆದರಿಸುವ ಸ್ವಭಾವದವನಾಗಿದ್ದರೆ ಅದೇ ಸಂಜೆ ಬಾಗಿಲಿಗೆ ಬಂದಾನು. ಆದ್ದರಿಂದ ಮೊದಲು ನಿಮ್ಮ ಜೀವದ ಜೋಪಾನ. ಅವನ ಕೈ ಸೋಕದ ಒಂದು ಫೋನಿನಿಂದ, ತಂಗಿಯದೋ ಗೆಳತಿಯದೋ ಆಗಲಿ, ಕ್ಯಾಮೆರಾ ಇಲ್ಲದ ಕಡೆ ನಿಂತು, ನಂಬುವ ಒಬ್ಬರಿಗಾದರೂ ವಿಷಯ ತಿಳಿಸಿ. ಆ ದಿನ ಯಾರಾದರೂ ನಿಮ್ಮ ಜತೆಗಿರಲಿ.

ಎರಡನೆಯದು ಸಾಕ್ಷ್ಯ. ಕ್ಯಾಮೆರಾವನ್ನು ಮೂಲಸ್ಥಿತಿಗೆ ತಂದರೆ, ಅಂದರೆ ಫ್ಯಾಕ್ಟರಿ ರಿಸೆಟ್ ಮಾಡಿದರೆ, ಯಾರು ಯಾವಾಗ ನೋಡಿದರು ಎಂಬ ದಾಖಲೆಯೂ ಅದರ ಜತೆ ಹೋಗಬಹುದು. ಅದಕ್ಕೆ ಮೊದಲು ಆಪ್‌ನಲ್ಲಿರುವ ಬಳಕೆದಾರರ ಪಟ್ಟಿ, ಲಾಗಿನ್ ಆದ ಹೊತ್ತು, ಬೀಗ ತೆರೆದ ದಾಖಲೆ, ಅವನ ಮೆಸೇಜುಗಳು, ಎಲ್ಲದರ ಫೋಟೊವನ್ನು ಇನ್ನೊಂದು ಫೋನಿನಿಂದ ತೆಗೆದಿಡಿ. ಯಾವ ದಿನ ಏನಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೆಸೇಜು ಅಳಿಸಬೇಡಿ, ಓದಲು ಅಸಹ್ಯವಾದರೂ ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಕೀಲರು ಮಾಡಿಸಿಕೊಡುತ್ತಾರೆ, ಮೂಲ ಫೋನು ನಿಮ್ಮ ಬಳಿ ಇರಬೇಕು.

ಆಮೇಲೆ ನಂಬರು. ನಿಮ್ಮ ಆಧಾರ್ ಕೊಟ್ಟು ನಿಮ್ಮ ಹೆಸರಿನಲ್ಲಿ ಹೊಸ ಸಿಮ್. ಹೊಸ ಇಮೇಲ್ ಖಾತೆ, ಅದರ ಹಿಂದೆ ಆ ಹೊಸ ನಂಬರು. ಹಳೆಯ ಇಮೇಲ್ ಉಳಿಸಿಕೊಳ್ಳಲೇಬೇಕಾದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ರಿಕವರಿ ನಂಬರು, ರಿಕವರಿ ಇಮೇಲ್ ಯಾರದೆಂದು ನೋಡಿ, ಯಾವ ಯಾವ ಫೋನು ಕಂಪ್ಯೂಟರಿನಲ್ಲಿ ಅದು ತೆರೆದಿದೆ ಎಂಬ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನೆಲ್ಲ ಹೊರಗೆ ಹಾಕಿ. ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲಕ್ಕೂ ಹೊಸ ನಂಬರು ಕೊಡಿ. ಇದು ಬೇಸರದ ಕೆಲಸ, ಒಂದು ವಾರ ಹಿಡಿಯಬಹುದು, ಆದರೆ ಇದನ್ನು ಮಾಡದೆ ಮುಂದಿನದನ್ನು ಮಾಡಿದರೆ ಎಲ್ಲವೂ ನೀರಿನಲ್ಲಿ ಹೋಮ ಮಾಡಿದಂತೆ.

ನಂತರ ವೈಫೈ. ಸಂಪರ್ಕ ಅವನ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿಗೆ ಹೊಸ ಸಂಪರ್ಕ ತೆಗೆದುಕೊಳ್ಳುವುದೇ ವಾಸಿ. ಅದೇ ರೂಟರ್ ಉಳಿಸಿಕೊಂಡರೆ ವೈಫೈ ಪಾಸ್‌ವರ್ಡಿನ ಜತೆಗೆ ರೂಟರಿನದೇ ಒಳ ಪಾಸ್‌ವರ್ಡನ್ನೂ ಬದಲಾಯಿಸಬೇಕು. ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವುದನ್ನು ಅವನೂ ಓದಿರುತ್ತಾನೆ. ವೈಫೈ ಬದಲಾದೊಡನೆ ಮನೆಯ ಕ್ಯಾಮೆರಾ, ಸ್ಪೀಕರ್, ಟಿವಿ ಎಲ್ಲ ಒಮ್ಮೆಗೇ ಕಡಿದುಹೋಗುತ್ತವೆ. ಇಲ್ಲಿ ಎಚ್ಚರ. ಅವನ್ನು ಹಳೆಯ ಖಾತೆಯಲ್ಲೇ ಮತ್ತೆ ಜೋಡಿಸಿದರೆ ಹೊಸ ವೈಫೈ ಮೇಲೆ ಕುಳಿತು ಮತ್ತೆ ಅವನಿಗೇ ತೋರಿಸುತ್ತವೆ. ಒಂದೊಂದನ್ನೂ ರಿಸೆಟ್ ಮಾಡಿ, ನಿಮ್ಮ ಹೊಸ ನಂಬರಿನ ಹೊಸ ಖಾತೆಗೆ ಸೇರಿಸಬೇಕು. ಹಳೆಯ ಖಾತೆಯನ್ನು ಬಿಡಿಸಿಕೊಳ್ಳಲು ಒಪ್ಪದ ಕ್ಯಾಮೆರಾವನ್ನು ಒತ್ತಾಯಪಡಿಸಬೇಡಿ. ಬಿಚ್ಚಿ, ಒಳಗಿನ ಮೆಮೊರಿ ಕಾರ್ಡ್ ಸಮೇತ ಒಂದು ಡಬ್ಬದಲ್ಲಿ ಹಾಕಿಡಿ; ಅದೂ ಸಾಕ್ಷ್ಯವೇ. ಎರಡು ಮೂರು ಸಾವಿರ ರೂಪಾಯಿಗೆ ಹೊಸ ವೈಫೈ ಕ್ಯಾಮೆರಾ ಸಿಗುತ್ತದೆ. ಕ್ಯಾಮೆರಾ ಇರಲೇಬೇಕೆಂದೂ ಇಲ್ಲ. ಬಾಗಿಲ ಹೊರಗೆ ಒಂದಿದ್ದರೆ ಸಾಕು, ಮನೆಯೊಳಗೆ ಕ್ಯಾಮೆರಾ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ರಾತ್ರಿ ಮನೆಯ ದೀಪವೆಲ್ಲ ಆರಿಸಿ ಒಮ್ಮೆ ನಿಧಾನವಾಗಿ ಕೋಣೆ ಕೋಣೆ ನೋಡಿ. ಕತ್ತಲಲ್ಲಿ ನೋಡಬಲ್ಲ ಕೆಲವು ಕ್ಯಾಮೆರಾಗಳ ಕಣ್ಣಿನ ಸುತ್ತ ಮಂದವಾದ ಕೆಂಪು ಚುಕ್ಕೆಗಳು ಕಾಣುತ್ತವೆ. ಕಾಣದಿದ್ದರೆ ಇಲ್ಲವೆಂದಲ್ಲ, ರೂಟರಿನ ಪಟ್ಟಿಯಲ್ಲಿ ಗುರುತು ಹತ್ತದ ಸಾಧನ ಯಾವುದಿದೆ ಎಂದು ತಿಳಿದವರ ಕೈಯಲ್ಲಿ ನೋಡಿಸಿ.

ಬಾಗಿಲಿನ ಬೀಗದ ವಿಚಾರದಲ್ಲಿ ಜನ ಹೆಚ್ಚು ಎಡವುತ್ತಾರೆ. ಈ ಹೊಸ ಬೀಗಗಳಿಗೆ ಸಾಮಾನ್ಯವಾಗಿ ಐದು ದಾರಿ: ಬೆರಳು, ಅಂಕಿ, ಕಾರ್ಡು, ಆಪ್, ಮತ್ತೆ ಹಳೆಯ ಕಾಲದ ಕಬ್ಬಿಣದ ಕೀಲಿ. ಜನ ಅಂಕಿಯನ್ನು ಬದಲಾಯಿಸಿ ಸಮಾಧಾನಪಡುತ್ತಾರೆ. ಅವನ ಹೆಬ್ಬೆರಳ ಗುರುತು ಬೀಗದ ನೆನಪಿನಲ್ಲಿ ಹಾಗೇ ಇರುತ್ತದೆ. ಅನೇಕ ಬೀಗಗಳಲ್ಲಿ ಬಾಗಿಲ ಒಳಬದಿಯ ಮುಚ್ಚಳ ಜಾರಿಸಿದರೆ ನಾಲ್ಕು ಪೆನ್ಸಿಲ್ ಸೆಲ್ಲುಗಳು, ಅವುಗಳ ಪಕ್ಕದಲ್ಲಿ ಪಿನ್ನು ತೂರುವಷ್ಟು ತೂತೋ ಸಣ್ಣ ಗುಂಡಿಯೋ ಇರುತ್ತದೆ. ಪುಸ್ತಿಕೆಯಲ್ಲಿ ಹೇಳಿದಷ್ಟು ಹೊತ್ತು ಒತ್ತಿ ಹಿಡಿದರೆ ಎಲ್ಲ ಬೆರಳೂ ಕಾರ್ಡೂ ಅಳಿಯುತ್ತವೆ. ಬಾಗಿಲು ತೆರೆದಿಟ್ಟುಕೊಂಡು ಈ ಕೆಲಸ ಮಾಡಿ. ಕಬ್ಬಿಣದ ಕೀಲಿ ಅವನ ಬಳಿ ಇದ್ದರೆ ಸಿಲಿಂಡರನ್ನೇ ಬದಲಾಯಿಸಬೇಕು. ಅದಕ್ಕೆ ಆಪ್ ಬೇಡ, ಬೀಗ ರಿಪೇರಿಯವರು ಸಾಕು.

ಮನೆಯ ಹೊರಗೂ ಸ್ವಲ್ಪ ನೋಡಿ. ಕಾರಿನ ಫಾಸ್ಟ್ಯಾಗ್ ಅವನ ನಂಬರಿಗೆ ಜೋಡಿಸಿದ್ದರೆ, ನೀವು ಕೋಲಾರದ ತವರಿಗೆ ಹೊರಟು ಹೊಸಕೋಟೆ ಕಡೆಯ ಟೋಲ್ ದಾಟುತ್ತಿದ್ದಂತೆ ಅವನಿಗೆ ಮೆಸೇಜು. ಊಟ ತರಿಸುವ ಆಪ್ ಒಂದೇ ಖಾತೆಯಲ್ಲಿದ್ದರೆ ನಿಮ್ಮ ಹೊಸ ವಿಳಾಸ ಅವನಿಗೆ. ಮಗು ವಾರಕ್ಕೊಮ್ಮೆ ಅಪ್ಪನ ಮನೆಗೆ ಒಯ್ಯುವ ಟ್ಯಾಬ್ಲೆಟ್ ನಿಮ್ಮ ವೈಫೈಗೆ, ನಿಮ್ಮ ಖಾತೆಗೆ ಸೇರಿರದಿರಲಿ. ಮಗುವನ್ನು ಇದರಲ್ಲಿ ದೂತನನ್ನಾಗಿ ಮಾಡಬೇಡಿ, ಬೈಯಬೇಡಿ. ಅದಕ್ಕೆ ಏನೂ ಗೊತ್ತಿರುವುದಿಲ್ಲ.

ಕ್ಯಾಮೆರಾ ಹಾಕಿದ ಕೆಲಸಗಾರನನ್ನೂ ಮರೆಯುವಂತಿಲ್ಲ. ಅಮೆರಿಕದ ಡಲ್ಲಾಸಿನಲ್ಲಿ ದೊಡ್ಡ ಭದ್ರತಾ ಕಂಪನಿಯೊಂದರ ಕೆಲಸಗಾರ, ಜನರ ಖಾತೆಗಳಿಗೆ ತನ್ನ ಇಮೇಲನ್ನೂ ಸೇರಿಸಿಕೊಂಡು, 200ಕ್ಕೂ ಹೆಚ್ಚು ಮನೆಗಳ ಕ್ಯಾಮೆರಾವನ್ನು 9,600ಕ್ಕೂ ಹೆಚ್ಚು ಸಲ ನೋಡಿದ್ದಾಗಿ 2021ರಲ್ಲಿ ತಪ್ಪೊಪ್ಪಿಕೊಂಡ. ನಮ್ಮ ಹುಡುಗರು ಬಹುಪಾಲು ಪ್ರಾಮಾಣಿಕರು, ದಿನಕ್ಕೆ ಹತ್ತು ಮನೆ ಏಣಿ ಹತ್ತಿ ದುಡಿಯುವವರು. ಆದರೂ ಕೆಲಸದ ಅನುಕೂಲಕ್ಕೆ ಇಟ್ಟುಕೊಂಡ ಅಡ್ಮಿನ್ ಪಾಸ್‌ವರ್ಡ್ ಅವರು ಹೋದ ಮೇಲೆ ಬದಲಾಗಲೇಬೇಕು.

ಕಾನೂನಿನ ನೆರವು ಎಲ್ಲಿದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಬ್ಬ ವ್ಯಕ್ತಿ ಖಾಸಗಿಯಾಗಿ, ಮನೆಯ ಬಳಕೆಗೆಂದು ಬಳಸುವ ಮಾಹಿತಿಯನ್ನು ಅದು ಮುಟ್ಟುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು, ಹೆಣ್ಣಿನ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದನ್ನು ಹಿಂಬಾಲಿಸುವ ಅಪರಾಧವೆನ್ನುತ್ತದೆ. ಮೊದಲ ಸಲ ಮೂರು ವರ್ಷದವರೆಗೆ ಶಿಕ್ಷೆ. ಬಟ್ಟೆ ಬದಲಾಯಿಸುವಂಥ ಖಾಸಗಿ ಹೊತ್ತನ್ನು ನೋಡಿದರೆ, ಚಿತ್ರ ತೆಗೆದರೆ 77ನೇ ಕಲಮು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಅಪರಾಧ. ಇದು ಗಂಡಸರ ದೂರಿಗೂ ಸಲ್ಲುತ್ತದೆ. ಆದರೆ ಹಾಲಿನಲ್ಲಿ ಊಟ ಮಾಡುತ್ತಿರುವ ಹೆಂಗಸನ್ನು, ತಾನೇ ಹಾಕಿಸಿದ ಕ್ಯಾಮೆರಾದಲ್ಲಿ, ತನ್ನದೇ ಖಾತೆಯಿಂದ ನೋಡುವ ಗಂಡನಿಗೆ ಈ ಕಲಮುಗಳು ಸರಿಯಾಗಿ ಹೊಂದುವುದಿಲ್ಲ ಎಂದು ವಾದಿಸುವವರು ಇದ್ದೇ ಇರುತ್ತಾರೆ.

ಅದಕ್ಕೇ ನಾನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಮೇಲೆ ಹೆಚ್ಚು ಭರವಸೆ ಇಡುತ್ತೇನೆ. ಅದರಲ್ಲಿ ಮನಸ್ಸಿಗೆ ಕೊಡುವ ಹಿಂಸೆಯೂ ದೌರ್ಜನ್ಯವೇ. ಮದುವೆಯಂತೆಯೇ ಜತೆಯಾಗಿ ಬಾಳಿದವರಿಗೂ ಅದು ಅನ್ವಯಿಸುತ್ತದೆ. 18ನೇ ಕಲಮಿನ ಅಡಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡುವಾಗ, ನಿರ್ದಿಷ್ಟವಾಗಿ ಇಂಥದ್ದನ್ನು ಮಾಡಬಾರದು ಎಂದು ಬರೆಯಲು ಅವಕಾಶವಿದೆ. ಅರ್ಜಿಯಲ್ಲಿ ಬಿಡಿಸಿ ಕೇಳಿ: ಇಂತಿಂಥ ಕ್ಯಾಮೆರಾ, ಬೀಗ, ಗೇಟಿನ ಆಪ್‌ನಿಂದ ಎದುರುದಾರ ತನ್ನ ಖಾತೆ ತೆಗೆಯಬೇಕು, ಇನ್ನು ಮುಂದೆ ಪ್ರವೇಶಿಸಬಾರದು ಎಂದು. ಮನೆ ಅವನ ಹೆಸರಿನಲ್ಲಿದ್ದರಂತೂ ಇದೇ ಸರಿಯಾದ ದಾರಿ. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತುರ್ತಿದ್ದರೆ ಮಧ್ಯಂತರ ಆದೇಶವೂ ಉಂಟು. 60 ದಿನದಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ; ನಡೆಯುವಾಗ ಬಹಳ ಹೆಚ್ಚು ಹಿಡಿಯುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಹಕ್ಕು. ಕಾನೂನು ಸೇವಾ ಪ್ರಾಧಿಕಾರದ ನಂಬರು 15100. ಮಹಿಳಾ ಸಹಾಯವಾಣಿ 181. ಸೈಬರ್ ದೂರಿಗೆ 1930, ಇಲ್ಲವೇ ನಿಮ್ಮ ವಿಭಾಗದ ಸೈಬರ್ ಅಪರಾಧ ಪೊಲೀಸ್ ಠಾಣೆ. ಬಾಗಿಲಲ್ಲೇ ಬಂದು ನಿಂತಿದ್ದರೆ 112. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿಯ ಹೆಸರನ್ನೂ ನೆನಪಿಟ್ಟುಕೊಳ್ಳಿ. ಹೋಗುವಾಗ ಆ ನೋಟ್‌ಬುಕ್ಕು ಜತೆಯಲ್ಲಿರಲಿ.

ಕೊನೆಯದಾಗಿ ಅಪಾರ್ಟ್‌ಮೆಂಟ್ ಸಂಘಗಳಲ್ಲಿರುವ ಕೇಳುಗರಿಗೆ ಒಂದು ಬೇಡಿಕೆ. ಗೇಟಿನ ಆಪ್‌ಗಳಿಗೆ ನಮ್ಮ ಊರೇ ತವರು. ಮೈಗೇಟ್ 2016ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಬೇರೆ ಹೋದವನ ಹೆಸರು ಫ್ಲ್ಯಾಟಿನ ಪಟ್ಟಿಯಲ್ಲಿ ಉಳಿದರೆ, ಆಕೆಯ ಮನೆಗೆ ಡಾಕ್ಟರು ಬಂದರೂ, ವಕೀಲರು ಬಂದರೂ ಅವನಿಗೆ ಸುದ್ದಿ. ಹೆಸರು ತೆಗೆಯಿರಿ ಎಂದು ಆಕೆ ಬಂದು ಕೇಳಿದಾಗ, "ಫ್ಲ್ಯಾಟ್ ಓನರ್ ಅವರು, ಅಮ್ಮಾ, ಅವರನ್ನು ಕೇಳಬೇಕು" ಎಂದು ಸಂಘದವರು ಕಳಿಸುತ್ತಾರೆ. ಆಸ್ತಿಯ ಒಡೆತನ ಬೇರೆ, ಆ ಮನೆಗೆ ಬಂದು ಹೋಗುವವರ ಪಟ್ಟಿ ಬೇರೆ. ಮಾಲೀಕನಿಗೆ ಮೇಂಟೆನೆನ್ಸ್ ಬಿಲ್ಲು, ಸಭೆಯ ನೋಟಿಸು ಕಳಿಸುತ್ತಲೇ ಇರಿ. ಬರುವವರ ಸುದ್ದಿ ಮಾತ್ರ ಅಲ್ಲಿ ವಾಸವಿರುವವರಿಗೆ ಹೋಗಲಿ. ಅಂಥ ಅರ್ಜಿ ಬಂದ ದಿನವೇ ಕಾರಣ ಕೇಳದೆ ಜಾರಿ ಮಾಡುವ ಒಂದು ನಿಯಮವನ್ನು ಮುಂದಿನ ಕಮಿಟಿ ಸಭೆಯಲ್ಲಿ ಬರೆದುಕೊಳ್ಳಿ. ಅರ್ಜಿಯ ವಿಷಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಂತೆಯೂ ನೋಡಿಕೊಳ್ಳಿ. ವಾಚ್‌ಮನ್‌ಗಳಿಗೆ ತಿಳಿಸಬೇಕಾದದ್ದನ್ನು ಸೂಪರ್‌ವೈಸರ್ ಒಬ್ಬರ ಮೂಲಕ ತಿಳಿಸಿದರೆ ಸಾಕು.